ಕುಡಿಯೋರ ಲಿವರ್ ಸ್ಕ್ಯಾನ್, ಮೊದಲ ದಿನ ನಂಬಬೇಡಿ

ಮುಂಬೈ ಹತ್ರದ ಡೊಂಬಿವ್ಲಿಲಿ ನನ್ನ ಕ್ಲಿನಿಕ್‌ಗೆ ಬರೋರು ಮುಕ್ಕಾಲು ಪಾಲು ನಮ್ಮ ಊರ ಕಡೆ ಹೋಟ್ಲು, ಬಾರಿನವ್ರೇ. ಹೆಪಟೈಟಿಸ್ ಸಿ ಇರೋರು ದಿನಾ ಎರಡು ಮೂರು ಕ್ವಾರ್ಟರ್ ಹಾಕಿದ್ರೆ ಫೈಬ್ರೋಸ್ಕ್ಯಾನ್, ಅಂದ್ರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸ್ಕ್ಯಾನ್, ಏನ್ ಹೇಳುತ್ತೆ? ಎಷ್ಟೋ ಸಲ ಸಿರೋಸಿಸ್, ಅಂದ್ರೆ ಲಿವರ್ ಪೂರ್ತಿ ಕಲೆಗಟ್ಟಿದೆ ಅನ್ನುತ್ತೆ. ಆದ್ರೆ ಕುಡಿತಕ್ಕೆ ಲಿವರ್ ಊದಿಕೊಂಡಿದ್ರೂ ಅಂಕಿ ಏರುತ್ತೆ. ನಾನೂ ಹಾಗೇ ಬರೆದು ಕೊಡ್ತಿದ್ದೆ, ಆಮೇಲೆ ಎಂಡೋಸ್ಕೋಪಿ, ಆರಾರು ತಿಂಗಳಿಗೆ ಸೋನೋಗ್ರಫಿ, ಪಾಪ ಅವ್ರ ಸಂಬಳ ಅದಕ್ಕೇ.

ಒಬ್ರು ಶೆಟ್ರು, 46 ವಯಸ್ಸು. ಸ್ಕ್ಯಾನಿನ ಸ್ಟಿಫ್‌ನೆಸ್ (ಗಟ್ಟಿತನ) 19 kPa, ರಕ್ತದಲ್ಲಿ ಲಿವರ್ ಎನ್‌ಜೈಮ್‌ಗಳಾದ ಎಎಸ್‌ಟಿ 188, ಎಎಲ್‌ಟಿ 74, ಪ್ಲೇಟ್ಲೆಟ್ 1.05 ಲಕ್ಷ. ವಯಸ್ಸು, ಈ ಮೂರು ರಕ್ತದ ಅಂಕಿ ಸೇರಿಸಿ ಲಿವರ್ ಕಲೆ ಅಂದಾಜು ಮಾಡೋ ಫಿಬ್-4 ಲೆಕ್ಕ ಒಂಬತ್ತೂವರೆ, ನಾವು 3.25 ದಾಟಿದ್ರೇ ಹೆದರೋದು. ಆದ್ರೆ ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟಿಗಿಂತ ಮೇಲಿದ್ಯಲ್ಲ, ಅದು ವೈರಸ್ಸಿಗಿಂತ ಬಾಟ್ಲಿ ಕೆಲ್ಸ ಅಂತ ಅನ್ನಿಸ್ತು, ಪ್ಲೇಟ್ಲೆಟ್ಟೂ ಕುಡಿತಕ್ಕೇ ಬೀಳುತ್ತೆ. ನಾಲ್ಕು ವಾರ ಕುಡಿತ ಬಿಡಿಸಿ ಮತ್ತೆ ಅಳೀತೀನಿ ಅಂದೆ. ಸೀನಿಯರ್ ಒಬ್ರು ನಕ್ಕುಬಿಟ್ರು, "ಸಿರೋಸಿಸ್ ಇರ್ಲಿ ಬಿಡ್ಲಿ, ಹೆಂಗೂ ಹೆಪಟೈಟಿಸ್ ಸಿಗೆ 12 ವಾರದ ಗುಳಿಗೆ ತಾನೇ, ನಿಮ್ಮ ಶೆಟ್ರು ತಿರುಗಿ ಬರ್ತಾರಾ?"

ಅವ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೆ ಮುಂಚೆ ಇಬ್ರು ನಾಪತ್ತೆಯಾಗಿದ್ರು. ಇನ್ನೊಬ್ಬನಿಗೆ ಏಕಾಏಕಿ ಬಿಡಿಸಿ ಎರಡನೇ ದಿನ ಫಿಟ್ಸ್ ಬಂದು ಐಸಿಯು ಬಿಲ್ಲು ಎಪ್ಪತ್ತು ಸಾವಿರದ ಹತ್ರ, ಅರ್ಧ ನಾನೇ ಕೊಟ್ಟೆ, ತಪ್ಪು ನಂದೇ ಮಾರಾಯ್ರೇ. ಈಗ ಥಯಮಿನ್ (ವಿಟಮಿನ್ ಬಿ1), ಫಿಟ್ಸ್ ತಡೆಯೋ ಲೋರಾಜೆಪಾಮ್ ಕವರ್ ಇಲ್ದೆ ಯಾರನ್ನೂ ಬಿಡ್ಸಲ್ಲ.

ಶೆಟ್ರು ಬಂದ್ರು! ಎಎಸ್‌ಟಿ 62, ಎಎಲ್‌ಟಿ 58, ಪ್ಲೇಟ್ಲೆಟ್ 1.9, ಫಿಬ್-4 ಎರಡರ ಆಸುಪಾಸು, ಸ್ಟಿಫ್‌ನೆಸ್ ಒಂಬತ್ತು ಚಿಲ್ಲರೆ. ಫೈಬ್ರೋಸಿಸ್ (ಕಲೆ) ಇದೆ, ಸಿರೋಸಿಸ್ ಅಲ್ಲ. ಗುಳಿಗೆ ಆಮೇಲೇ ಶುರು ಮಾಡಿದ್ದು, ಜೊತೆಗೇ ಕೊಟ್ರೆ ಯಾವ್ದ್ರಿಂದ ಇಳೀತು ಗೊತ್ತಾಗಲ್ಲ. ಇಲ್ಲೀವರೆಗೆ ಮೂವತ್ತು ಚಿಲ್ಲರೆ ಜನಕ್ಕೆ ಹೀಗೆ ಮಾಡಿದೀನಿ, ಹನ್ನೊಂದೋ ಹನ್ನೆರಡೋ ಮಂದಿಯ ಸಿರೋಸಿಸ್ ಹಣೆಪಟ್ಟಿ ಕಿತ್ತಿದೀನಿ. ಆ ಸೀನಿಯರ್ರೇ ಈಗ ಪೇಶಂಟ್ ಕಳಿಸ್ತಾರೆ.

ನಿಜಕ್ಕೂ ಬಿಟ್ಟಿದಾರಾ ಅಂತ ಹ್ಯಾಗೆ ಪತ್ತೆ ಹಚ್ತೀನಿ ಅನ್ನೋದು ಬರೆಯಲ್ಲ, ಪೇಶಂಟ್‌ಗಳೂ ಓದ್ತಾರೆ.

ನಡುವೆ ಒಂದ್ಸಲ ನನ್ ಮೇಲೇ ಸ್ಕ್ಯಾನ್ ಮಾಡಿ ನೋಡ್ದೆ, ಖಾಲಿ ಹೊಟ್ಟೆಲಿ 4.8 ಇತ್ತು, ಮೀನೂಟ ಹೊಡೆದು ಅರ್ಧ ಗಂಟೆಗೆ ಆರರ ಮೇಲೆ. ಹಾಗಾಗಿ ಮೂರು ಗಂಟೆ ಉಪವಾಸ ಕಡ್ಡಾಯ. ಎರಡನೇ ಸ್ಕ್ಯಾನಿಗೆ ಸೆಂಟರಿನವ್ರ ಹತ್ರ ಚೌಕಾಸಿ ಮಾಡಿ 1500ಕ್ಕೆ ಇಳಿಸಿದೀನಿ.

ಎಲ್ರಿಗೂ ಇಳಿಯಲ್ಲ. ಒಬ್ರು ಅಡುಗೆಯವ್ರದ್ದು ಸ್ಟಿಫ್‌ನೆಸ್ 34 ಇದ್ದದ್ದು 27ಕ್ಕೆ ಬಂದು ನಿಂತ್ಬಿಡ್ತು, ಸ್ಪ್ಲೀನ್ (ಗುಲ್ಮ) ದೊಡ್ಡದಿತ್ತು, ಎಂಡೋಸ್ಕೋಪಿಲಿ ವೇರಿಸಸ್ (ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ) ಸಿಕ್ತು, ಅದು ಒಡೀಬಾರ್ದು ಅಂತ ಬ್ಯಾಂಡ್ ಹಾಕಿಸಿದ್ವಿ. ಇವ್ರದ್ದು ನಿಜವಾದ ಸಿರೋಸಿಸ್ಸೇ.