ಕೋರೆಯ ಕೊಳೆನೀರನ್ನು ಬಿಸಿಲಿನಿಂದ ಶುದ್ಧಗೊಳಿಸುವ ಕ್ರಮ: ಟೈಟಾನಿಯಂ ಹಂಚಿನ ತಟ್ಟೆ

ಕಾಸರಗೋಡಿನ ಕೆಂಪುಕಲ್ಲಿನ ಕೋರೆಗಳಲ್ಲಿ ಎರಡು ಬಗೆಯ ಕೊಳೆನೀರು ಇರುತ್ತದೆ. ಮಳೆಗಾಲದಲ್ಲಿ ಹೊಂಡ ತುಂಬುವ ಕೆಂಪುನೀರು ಮೊದಲನೆಯದು. ಅದರಲ್ಲಿರುವುದು ಹೆಚ್ಚಾಗಿ ಜೇಡಿ ಮತ್ತು ಕಬ್ಬಿಣದ ಸೂಕ್ಷ್ಮ ಕಣಗಳು. ಕಲ್ಲು ಕೊಯ್ಯುವ ಯಂತ್ರ, ಜೆಸಿಬಿ ಮತ್ತು ಟಿಪ್ಪರ್‌ಗಳನ್ನು ತೊಳೆದಾಗ ಹರಿಯುವ, ಡೀಸೆಲ್, ಗ್ರೀಸ್ ಹಾಗೂ ಸಾಬೂನು ಬೆರೆತ ನೀರು ಎರಡನೆಯದು. ಪ್ರಮಾಣದಲ್ಲಿ ಇದು ಅಲ್ಪವಾದರೂ ಕೆಳಗಿನ ತೋಡಿಗೋ ಬಾವಿಗೋ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಕ್ಕೋ ಇಳಿದರೆ ಹೆಚ್ಚು ಕೆಡಕು ಮಾಡುವುದು ಇದೇ. ಬೆಳಕಿನಿಂದ ಚುರುಕಾಗುವ ವೇಗವರ್ಧಕವಾದ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಈ ಎರಡನೆಯ ನೀರಿಗೆ ಮಾತ್ರ, ಅದೂ ಹೊಂಡದ ನೀರಿನೊಡನೆ ಬೆರೆಯುವ ಮೊದಲೇ, ಬಳಸಬೇಕು.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಅವರು, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ವಿದ್ಯುದ್ವಾರವು ನೀರನ್ನು ಒಡೆಯಲು ನೆರವಾಗುತ್ತದೆಂದು ಪ್ರಕಟಿಸಿದ ಮೇಲೆ ಈ ವಸ್ತು ಪ್ರಸಿದ್ಧವಾಯಿತು. ಇದರ ಅನಟೇಸ್ ಎಂಬ ಹರಳು ರೂಪದ ಶಕ್ತಿ ಅಂತರ, ಅಂದರೆ ಎಲೆಕ್ಟ್ರಾನನ್ನು ಸಡಿಲಿಸಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಎಂದರೆ ಸುಮಾರು 387 ನ್ಯಾನೋಮೀಟರಿಗಿಂತ ಕಿರಿದಾದ ತರಂಗದ ನೇರಳಾತೀತ ಬೆಳಕು ಬಿದ್ದಾಗ ಮಾತ್ರ ಎಲೆಕ್ಟ್ರಾನ್ ಸಡಿಲಗೊಳ್ಳುತ್ತದೆ. ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿರುವ ಆಮ್ಲಜನಕ ಹಿಡಿದುಕೊಳ್ಳುತ್ತದೆ, ಅದು ಬಿಟ್ಟುಹೋದ ತೆರವು ನೀರಿನಿಂದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಅತಿ ಚುರುಕಾದ ಕಣವನ್ನು ಹುಟ್ಟಿಸುತ್ತದೆ, ಅದು ಸಾವಯವ ಅಣುಗಳನ್ನು ಹಂತಹಂತವಾಗಿ ಒಡೆಯುತ್ತದೆ. ಬಿಸಿಲಿನ ಶಕ್ತಿಯಲ್ಲಿ ಇಂತಹ ಬೆಳಕಿನ ಪಾಲು ಶೇಕಡಾ 5ರ ಆಸುಪಾಸು ಮಾತ್ರ. ಕಬ್ಬಿಣ, ಮ್ಯಾಂಗನೀಸ್‌ನಂತಹ ಲೋಹಗಳನ್ನು ಈ ಕ್ರಿಯೆ ನಾಶಮಾಡಲಾರದು. ಕರಿಕಲ್ಲಿನ ಕೋರೆಗಳಲ್ಲಿ ಸಿಡಿಮದ್ದಿನಿಂದ ನೀರಿಗೆ ಸೇರುವ ನೈಟ್ರೇಟಿಗೂ ಇದು ಮದ್ದಲ್ಲ.

ಆದುದರಿಂದ ಕೆಲಸ ಆರಂಭವಾಗಬೇಕಾದುದು ಬಿಸಿಲಿನಲ್ಲಲ್ಲ, ತೊಳೆಯುವ ಜಾಗದಲ್ಲಿ. ಅಲ್ಲಿ ನೆಲಕ್ಕೆ ಕಾಂಕ್ರೀಟು ಹಾಕಿ, ನೀರು ಒಂದೇ ಮೂಲೆಗೆ ಇಳಿಯುವಂತೆ ಇಳಿಜಾರು ಕೊಟ್ಟು, ಎರಡು ಕೋಣೆಗಳ ಸಣ್ಣ ತೊಟ್ಟಿಗೆ ಬಿಡಬೇಕು. ನಡುವಿನ ಗೋಡೆಯ ತಳದಲ್ಲಿ, ತಳಕ್ಕಿಂತ ತುಸು ಮೇಲೆ ಕಿಂಡಿ ಇದ್ದರೆ ತೇಲುವ ಎಣ್ಣೆ ಮೊದಲ ಕೋಣೆಯಲ್ಲೇ ಉಳಿಯುತ್ತದೆ. ಅದನ್ನು ಬಳಸಿದ ಎಂಜಿನ್ ಎಣ್ಣೆಯೊಂದಿಗೆ ಸೇರಿಸಿ, ಅದನ್ನು ಪಡೆಯಲು ಅಧಿಕೃತ ಪರವಾನಗಿ ಇರುವವರಿಗೇ ಕೊಡಬೇಕು. ಎರಡನೆಯ ಕೋಣೆಯ ನೀರಿನ ಕೆಸರು ಇಳಿಸಲು ಪಟಿಕ ಸಾಕು. ಒಂದು ಲೀಟರ್ ನೀರಿನಲ್ಲಿ 10 ಗ್ರಾಂ ಪಟಿಕ ಕರಗಿಸಿಟ್ಟರೆ ಆ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ಒಂದೊಂದು ಲೀಟರಿನ ಜಾಡಿಗಳಿಗೆ ಕ್ರಮವಾಗಿ 1, 2, 4, 6 ಮಿಲಿಲೀಟರ್ ಹಾಕಿ ಕಲಕಿ, ಅತಿ ಕಡಿಮೆ ಪಟಿಕದಲ್ಲಿ ತಿಳಿಯಾದುದನ್ನು ಆರಿಸಿಕೊಳ್ಳಬೇಕು. ಪಟಿಕದಿಂದ ನೀರು ಆಮ್ಲೀಯವಾಗುವುದರಿಂದ ಸುಣ್ಣದ ತಿಳಿಯಿಂದ ಪಿಎಚ್ ಅನ್ನು, ಅಂದರೆ ಆಮ್ಲ-ಕ್ಷಾರದ ಅಳತೆಯನ್ನು, 7ರ ಸುತ್ತ ತಂದು, ಬಳಿಕ ಮರಳಿನಲ್ಲಿ ಸೋಸಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ಮುಂದಿನ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ: ಕೆಂಪು ಕಣಗಳು ನೇರಳಾತೀತ ಬೆಳಕನ್ನು ತಾವೇ ಹೀರಿಕೊಳ್ಳುತ್ತವೆ, ಕರಗಿದ ಕಬ್ಬಿಣವು ವೇಗವರ್ಧಕದ ಮೇಲೆ ಕಿತ್ತಳೆ ಬಣ್ಣದ ಪೊರೆಯಾಗಿ ಕೂರುತ್ತದೆ.

ವೇಗವರ್ಧಕವಾಗಿ ಲೇಪನವಿಲ್ಲದ ಅನಟೇಸ್ ಪುಡಿಯನ್ನೇ ಕೇಳಿ ತರಬೇಕು. ಕೇರಳದ ಕರಾವಳಿಯ ಮರಳಿನಲ್ಲಿ ಟೈಟಾನಿಯಂ ಅದಿರಾದ ಇಲ್ಮನೈಟ್ ಹೇರಳವಾಗಿದ್ದು, ತಿರುವನಂತಪುರದಲ್ಲಿಯೂ ಕೊಲ್ಲಂ ಬಳಿಯ ಚವರದಲ್ಲಿಯೂ ಟೈಟಾನಿಯಂ ಡೈಆಕ್ಸೈಡ್ ತಯಾರಾಗುತ್ತದೆ. ಆದರೆ ಬಣ್ಣದ ಡಬ್ಬಿಗೆ ಹೋಗುವ ಪುಡಿಯ ಕಣಗಳಿಗೆ ಸಾಮಾನ್ಯವಾಗಿ ಅಲ್ಯುಮಿನಾ ಅಥವಾ ಸಿಲಿಕಾ ಹೊದಿಸಿರುತ್ತಾರೆ. ಬಿಸಿಲಿಗೆ ಬಣ್ಣ ಕೆಡದಿರಲೆಂದು ಹೊದಿಸಿದ ಅದೇ ಪದರ ನಮ್ಮ ಕೆಲಸಕ್ಕೆ ಅಡ್ಡಿ. ಪುಡಿಯನ್ನು ನೇರವಾಗಿ ನೀರಿಗೆ ಕಲಸುವ ವಿಧಾನವು ವೇಗದ್ದಾದರೂ ಕೋರೆಗೆ ತಕ್ಕುದಲ್ಲ, ಏಕೆಂದರೆ ಅಷ್ಟು ಸಣ್ಣ ಕಣಗಳನ್ನು ಮತ್ತೆ ಸೋಸಿ ತೆಗೆಯುವುದು ಬಹು ಕಷ್ಟ. ಹಂಚಿಗೆ ಹಚ್ಚುವುದೇ ಮೇಲು. 100 ಮಿಲಿಲೀಟರ್ ಶುದ್ಧ ನೀರಿಗೆ ಕೆಲವು ಹನಿ ದುರ್ಬಲ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 3ರ ಸುತ್ತ ತಂದು, 5 ಗ್ರಾಂ ಪುಡಿ ಕಲಸಿ, ಹೊಳಪಿನ ಲೇಪವಿಲ್ಲದ ಸೆರಾಮಿಕ್ ಹಂಚಿನ ಮೇಲೆ ತೆಳುವಾಗಿ ಎರಡು ಮೂರು ಸಲ ಬಳಿದು, ಪ್ರತಿ ಸಲವೂ ಒಣಗಿಸಿ, ಕೊನೆಗೆ ಕಾಲೇಜಿನ ಪ್ರಯೋಗಾಲಯದ ಕುಲುಮೆಯಲ್ಲಿ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಬೇಕು. ಕಿಟಕಿಯ ಗಾಜು ಅಗ್ಗವೆಂದು ಬಳಸಿದರೆ ಅದರ ಸೋಡಿಯಂ ಕಾವಿಗೆ ಲೇಪದೊಳಕ್ಕೆ ಸೇರಿ ಅದನ್ನು ಮಂದಗೊಳಿಸುತ್ತದೆ. ಆರಿದ ಹಂಚನ್ನು ನೀರಿನಡಿ ಬೆರಳಿನಿಂದ ಉಜ್ಜಿದಾಗ ಬಿಳುಪು ಎದ್ದುಬಂದರೆ ಆ ಹಂಚನ್ನು ಬಿಟ್ಟುಬಿಡಬೇಕು. ಒಣಪುಡಿಯ ಧೂಳನ್ನು ಉಸಿರಾಡಬಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ 2ಬಿ ವರ್ಗದಲ್ಲಿ ಇರಿಸಿರುವುದರಿಂದ ಪುಡಿ ತೂಗುವಾಗ ಎನ್95 ಮುಖಗವಸು ಕಡ್ಡಾಯ.

ಹಂಚುಗಳನ್ನು ಸಾಲಾಗಿ ಜೋಡಿಸಿದ ತಟ್ಟೆಯನ್ನು ದಕ್ಷಿಣಕ್ಕೆ ಸುಮಾರು 12 ಡಿಗ್ರಿ ಓರೆಯಾಗಿ ಇಡಬಹುದು. ಅದು ಇಲ್ಲಿನ ಅಕ್ಷಾಂಶಕ್ಕೂ ಹೊಂದುತ್ತದೆ, ನೀರು ತೆಳುಪದರವಾಗಿ ಇಳಿಯುವುದಕ್ಕೂ ಒದಗುತ್ತದೆ. ಮೇಲೆ ರಂಧ್ರಗಳ ಪೈಪು, ಕೆಳಗೆ ಸಂಗ್ರಹದ ಡ್ರಮ್ಮು, ನೀರನ್ನು ಮತ್ತೆ ಮತ್ತೆ ಮೇಲೇರಿಸಲು ಸಣ್ಣ ಪಂಪು ಬೇಕು. ಡ್ರಮ್ಮಿಗೆ ನೀರು ತುಸು ಎತ್ತರದಿಂದ ಬೀಳುವಂತೆ ಮಾಡಿದರೆ ಆಮ್ಲಜನಕದ ಕೊರತೆ ಬಾರದು. ಕಸ ಬೀಳದಿರಲೆಂದು ಪಾಲಿಕಾರ್ಬನೇಟ್ ಹಾಳೆ ಹೊದಿಸುವವರಿದ್ದಾರೆ. ಆ ಹಾಳೆಯು ಬೇಕಾದ ಬೆಳಕನ್ನೇ ತಡೆಯುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮೋಡದಲ್ಲಿ ಈ ವ್ಯವಸ್ಥೆಯಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಮಳೆಗಾಲದಲ್ಲಿ ತೊಳೆಯುವ ಜಾಗಕ್ಕೆ ಛಾವಣಿ ಹಾಕಿ ಮಳೆನೀರನ್ನು ದೂರವಿಡುವುದೇ ಹೆಚ್ಚು ಫಲಕಾರಿ.

ತಟ್ಟೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಲೀಟರಿಗೆ 5 ಮಿಲಿಗ್ರಾಂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರನ್ನು ಮೊದಲು ಅರ್ಧ ಗಂಟೆ ಕತ್ತಲಲ್ಲಿ, ಬಳಿಕ ಬಿಸಿಲಿನಲ್ಲಿ ಹರಿಸಿ, ಬಣ್ಣ ಎಷ್ಟು ಉಳಿದಿದೆಯೆಂದು ಬೆಳಕಿನ ಹೀರಿಕೆ ಅಳೆಯುವ ಮಾಪಕದಲ್ಲಿ 664 ನ್ಯಾನೋಮೀಟರ್ ತರಂಗದಲ್ಲಿ ನೋಡಬೇಕು. ಲೇಪವಿಲ್ಲದ ಹಂಚುಗಳ ಮೇಲೂ ಅದೇ ಬಿಸಿಲಿನಲ್ಲಿ ಇನ್ನೊಂದು ಪಾಲನ್ನು ಹರಿಸಲೇಬೇಕು, ಏಕೆಂದರೆ ಈ ಬಣ್ಣ ಬರಿಯ ಬಿಸಿಲಿಗೂ ತುಸು ಮಾಸುತ್ತದೆ. ಬಣ್ಣ ಹೋದ ಮಾತ್ರಕ್ಕೆ ಅಣು ಪೂರ್ತಿ ಒಡೆದಿದೆಯೆಂದು ಹೇಳಲಾಗದು. ನಿಜವಾದ ಕೊಳೆನೀರಿಗೆ ರಾಸಾಯನಿಕ ಆಮ್ಲಜನಕ ಬೇಡಿಕೆಯ, ಅಂದರೆ ಸಿಒಡಿಯ, ಪರೀಕ್ಷೆಯೇ ಆಧಾರ: ನೀರಿನ ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಎಷ್ಟು ಆಮ್ಲಜನಕ ಬೇಕೆಂಬುದನ್ನು ಅದು ತಿಳಿಸುತ್ತದೆ.

ಅಳತೆಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಒಂದು ಚದರ ಮೀಟರ್ ತಟ್ಟೆಯಲ್ಲಿ 20 ಲೀಟರ್ ನೀರು ತಿರುಗಿ, ಮಾಲಿನ್ಯ ಅರ್ಧಕ್ಕಿಳಿಯಲು ಒಂದು ಗಂಟೆ ಹಿಡಿಯಿತು ಎಂದಿಟ್ಟುಕೊಳ್ಳೋಣ. ಅದೇ ದರದಲ್ಲಿ ಶೇಕಡಾ 90 ಇಳಿಯಲು 3.3 ಗಂಟೆ ಬೇಕು. ಆರು ಗಂಟೆಗಳ ಒಳ್ಳೆಯ ಬಿಸಿಲಿನಲ್ಲಿ ಸುಮಾರು 36 ಲೀಟರ್ ಸಿದ್ಧವಾಗುತ್ತದೆ. ಹತ್ತು ಚದರ ಮೀಟರಿದ್ದರೆ ದಿನಕ್ಕೆ 360 ಲೀಟರ್: ಯಂತ್ರ ತೊಳೆದ ನೀರಿಗೆ ಸಾಕು. ಒಂದು ಲಕ್ಷ ಲೀಟರಿನ ಹೊಂಡಕ್ಕಾದರೋ ಅದೇ ತಟ್ಟೆ ಒಂಬತ್ತು ತಿಂಗಳು ದುಡಿಯಬೇಕು. ಹೊಂಡಕ್ಕೆ ಬೆರೆಯಬಿಡಬಾರದೆಂದು ಆರಂಭದಲ್ಲೇ ಹೇಳಿದ್ದು ಈ ಕಾರಣಕ್ಕಾಗಿ.

ಚಿನ್ನದ ಗಣಿಯ ಸೈನೈಡ್ ನೀರನ್ನು ಈ ತಟ್ಟೆಗೆ ಯಾವ ಕಾರಣಕ್ಕೂ ಹಾಕಬಾರದು. ಟೈಟಾನಿಯಂ ಡೈಆಕ್ಸೈಡ್ ಸೈನೈಡನ್ನು ಒಡೆಯಬಲ್ಲದೆಂದು 1977ರಲ್ಲೇ ವಿಜ್ಞಾನಿಗಳಾದ ಫ್ರಾಂಕ್ ಮತ್ತು ಬಾರ್ಡ್ ತೋರಿಸಿದ್ದು ಹೌದು. ಆದರೆ ಪಿಎಚ್ ಇಳಿದರೆ ಪ್ರಾಣಾಂತಕವಾದ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ, ಕಬ್ಬಿಣದೊಡನೆ ಬಂಧಿತವಾದ ಸೈನೈಡು ಬಿಸಿಲಿಗೇ ಬಿಡುಗಡೆಯಾಗುತ್ತದೆ. ಅದು ತರಬೇತಾದವರ ಕೆಲಸ.

ನೀರನ್ನು ತೋಡಿಗೆ ಬಿಡುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಒಳನಾಡಿನ ಜಲಮೂಲಗಳಿಗೆ ಸಾಮಾನ್ಯ ಮಿತಿಗಳು ಹೀಗಿವೆ: ಪಿಎಚ್ 5.5ರಿಂದ 9, ಮತ್ತು ಲೀಟರಿಗೆ ತೇಲುಕಣ 100, ಸಿಒಡಿ 250, ಎಣ್ಣೆ ಮತ್ತು ಗ್ರೀಸ್ 10, ಕಬ್ಬಿಣ 3 ಮಿಲಿಗ್ರಾಂ. ಮಿತಿಯೊಳಗಿದ್ದರೂ ಮತ್ತೆ ಯಂತ್ರ ತೊಳೆಯಲು ಬಳಸುವುದೇ ಲೇಸು. ಹಂಚು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ದುರ್ಬಲ ಆಕ್ಸಾಲಿಕ್ ಆಮ್ಲದಲ್ಲಿ ತೊಳೆದು, ಆ ತೊಳೆದ ನೀರನ್ನು ಸುಣ್ಣದಿಂದ ತಟಸ್ಥಗೊಳಿಸಿ, ತಳಕ್ಕಿಳಿದ ಕೆಸರನ್ನು ಪಟಿಕದ ಕೆಸರಿನೊಂದಿಗೆ ಒಣಗಿಸಿ, ಮಳೆ ತಾಗದ ಕಡೆ ಇಡಬೇಕು.