ಹಳೆಯ ಪತ್ರಿಕೆ, ಬಿಡಿ ಸಂಪುಟಗಳಿಗೆ ಕ್ಯಾಟಲಾಗ್ ಬರೆಯುವುದು ಹೇಗೆ?

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯ ಹಳೆಯ ವಾಚನಾಲಯ, ಮಠ, ಹೈಸ್ಕೂಲು ಎಲ್ಲಿಗೆ ಹೋದರೂ ಅಂಥದೊಂದು ಕಪಾಟು ಸಿಗುತ್ತದೆ. ಒಳಗೆ ದಾರ ಕಟ್ಟಿದ ಪತ್ರಿಕೆಗಳ ಗಂಟು. ಪಕ್ಕದಲ್ಲಿ ಒಂದನೆಯದು, ಮೂರನೆಯದು ಮಾತ್ರ ಉಳಿದಿರುವ ದಪ್ಪ ಸಂಪುಟಗಳು. ಉಳಿದ ಪುಸ್ತಕಗಳಿಗೆಲ್ಲ ನಂಬರು ಬಿದ್ದಿರುತ್ತದೆ, ಈ ಕಪಾಟಿಗೆ ಮಾತ್ರ ಇಲ್ಲ. ರಿಜಿಸ್ಟರಿನಲ್ಲಿ ‘ಹಳೆಯ ಪತ್ರಿಕೆಗಳು, 1 ಗಂಟು’ ಅಂತ ಬರೆದಿದ್ದರೆ ಅದೇ ಜಾಸ್ತಿ.

ಆ ಗಂಟಿನಲ್ಲಿ ಏನಿರಬಹುದು? 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಇರಬಹುದು. 1921ರಲ್ಲಿ ಶುರುವಾದ ‘ಕರ್ಮವೀರ’, ಮರುವರ್ಷ ಆಲೂರು ವೆಂಕಟರಾಯರು ಆರಂಭಿಸಿದ ‘ಜಯಕರ್ನಾಟಕ’, ಹಾವೇರಿ ಹತ್ತಿರದ ಅಗಡಿಯ ‘ಸದ್ಬೋಧ ಚಂದ್ರಿಕೆ’, 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಇರಬಹುದು. ಇಂಥ ಪತ್ರಿಕೆಗಳ ಎಲ್ಲ ಸಂಚಿಕೆ ಒಂದೇ ಕಡೆ ಸಿಗುವುದು ಕಷ್ಟ. ಒಬ್ಬರಲ್ಲಿ ಮೊದಲ ಎರಡು ವರ್ಷದವು ಇರುತ್ತವೆ, ಇನ್ನೊಬ್ಬರಲ್ಲಿ ನಾಲ್ಕನೆಯ ವರ್ಷದವು. ಯಾರಲ್ಲಿ ಏನಿದೆ ಎಂದು ಬರೆದಿಟ್ಟರೆ ಮಾತ್ರ ಅವು ಒಂದಕ್ಕೊಂದು ಕೂಡುತ್ತವೆ. ಏನಿಲ್ಲ ಎಂದು ಬರೆಯುವುದಂತೂ ಇನ್ನೂ ಮುಖ್ಯ.

ಮೊದಲು ವಿಂಗಡಿಸಿ

ಗಂಟು ಬಿಚ್ಚಿದ ಕೂಡಲೇ ನಂಬರು ಹಾಕಬೇಡಿ. ಬೈಂಡಿಂಗಿಗೂ ಕಳಿಸಬೇಡಿ. ನೆಲದ ಮೇಲೆ ಬಟ್ಟೆ ಹಾಸಿ ಹೆಸರಿನ ಪ್ರಕಾರ, ಆಮೇಲೆ ವರ್ಷದ ಪ್ರಕಾರ ಜೋಡಿಸಿ. ಹರಿದ ಮುಖಪುಟ, ಜಾಹೀರಾತಿನ ಹಾಳೆ ಯಾವುದನ್ನೂ ಎಸೆಯಬೇಡಿ. ಎಷ್ಟೋ ಸಲ ತಾರೀಕು ಸಿಗುವುದು ಅಲ್ಲಿಯೇ.

ಆಮೇಲೆ ಪ್ರತಿ ಹೆಸರಿಗೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಒಂದು ದಿನ ಮುಗಿಸಬೇಕು ಎಂದುಕೊಂಡೇ ಶುರು ಮಾಡಿದ್ದರೇ? ಹೌದಾದರೆ ಅದು ಬಹುಸಂಪುಟ ಕೃತಿ. ಇಲ್ಲವಾದರೆ ನಿಯತಕಾಲಿಕೆ. ಎಷ್ಟು ವರ್ಷ ನಡೆಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳು ಹೊರಬರಲು 1970ರಿಂದ 1995ರವರೆಗೆ ಹಿಡಿಯಿತು. ಆದರೂ ಅದು ಬಹುಸಂಪುಟ ಕೃತಿಯೇ, ಏಕೆಂದರೆ ಅಕ್ಷರಮಾಲೆ ಮುಗಿದರೆ ನಿಘಂಟೂ ಮುಗಿಯಿತು. ಮೂರೇ ಸಂಚಿಕೆಗೆ ನಿಂತುಹೋದ ಮಾಸಪತ್ರಿಕೆ ಮಾತ್ರ ಇವತ್ತಿಗೂ ನಿಯತಕಾಲಿಕೆ.

ಒಂದು ಪತ್ರಿಕೆಗೆ ಒಂದೇ ನಮೂದು

ಪ್ರತಿ ಸಂಚಿಕೆಗೂ ಒಂದೊಂದು ಕಾರ್ಡು ಬರೆಯಲು ಹೋಗಬೇಡಿ. ಪತ್ರಿಕೆಗೆ ಒಂದು ನಮೂದು ಸಾಕು. ಅದರಲ್ಲಿ ಹೆಸರು, ಊರು, ಪ್ರಕಾಶಕರು, ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು, ಯಾವಾಗ ಶುರುವಾಯಿತು, ನಿಂತಿದ್ದರೆ ಯಾವಾಗ ನಿಂತಿತು, ಇಷ್ಟು ಬರಬೇಕು. ಇನ್ನೂ ನಡೆಯುತ್ತಿದ್ದರೆ ‘1956–’ ಎಂದು ಗೆರೆ ಎಳೆದು ಮುಂದೆ ಖಾಲಿ ಬಿಡಿ.

ವಿವರಗಳನ್ನು ಮೊದಲ ಸಂಚಿಕೆ ನೋಡಿ ಬರೆಯುವುದು ನಿಯಮ. ಅದು ನಿಮ್ಮಲ್ಲಿ ಇಲ್ಲದಿದ್ದರೆ ಇರುವುದರಲ್ಲೇ ಹಳೆಯದನ್ನು ತೆಗೆದುಕೊಳ್ಳಿ, ಆದರೆ ‘ವಿವರಕ್ಕೆ ಆಧಾರ: ಸಂಪುಟ 3, ಸಂಚಿಕೆ 2’ ಎಂದು ಕೆಳಗೆ ಟಿಪ್ಪಣಿ ಹಾಕಿ. ಮುಂದೆ ಯಾರಿಗಾದರೂ ಮೊದಲ ಸಂಚಿಕೆ ಸಿಕ್ಕರೆ ತಿದ್ದಲು ದಾರಿ ಇರುತ್ತದೆ. ಮುಖಪುಟ ಕಿತ್ತುಹೋಗಿದೆಯೇ? ಕೊನೆಯ ಪುಟದ ಅಡಿಭಾಗ ನೋಡಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ಊರು ಹಾಕಲೇಬೇಕಿತ್ತು. ಆ ಸಣ್ಣ ಅಕ್ಷರದ ಸಾಲು ಬಹಳ ಉಪಕಾರಿ.

ಹೊಸ ಪತ್ರಿಕೆಯಾದರೆ, ನಿಯತಕಾಲಿಕೆಗಳಿಗೆ ಕೊಡುವ ಗುರುತಿನ ಸಂಖ್ಯೆ, ಅಂದರೆ 8 ಅಂಕಿಯ ಐಎಸ್‌ಎಸ್‌ಎನ್ ಇದೆಯೇ ನೋಡಿ ಬರೆದುಕೊಳ್ಳಿ. ಕೊನೆಯ ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಅದು ಅಚ್ಚಿನ ತಪ್ಪಲ್ಲ, ಹಾಗೆಯೇ ಬರೆಯಿರಿ.

ಸಂವತ್ಸರದ ಲೆಕ್ಕ

ನಮ್ಮ ಹಳೆಯ ಪತ್ರಿಕೆಗಳಲ್ಲಿ ‘ದುಂದುಭಿ ಸಂವತ್ಸರ, ಕಾರ್ತಿಕ ಮಾಸ’ ಎಂದಷ್ಟೇ ಇರುವುದುಂಟು. ಇಂಗ್ಲಿಷ್ ವರ್ಷ ಹಾಕದಿದ್ದರೆ ಕಂಪ್ಯೂಟರ್ ಅದನ್ನು ಕ್ರಮದಲ್ಲಿ ಇಡಲಾರದು. ಲೆಕ್ಕ ಕಷ್ಟದ್ದೇನಲ್ಲ. 60 ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ 1927ರ ಯುಗಾದಿಗೆ ಶುರುವಾಯಿತು. 60 ವರ್ಷ ಬಿಟ್ಟು 1987ರಲ್ಲಿ ಮತ್ತೆ ಬಂತು. ದುಂದುಭಿ 56ನೆಯದು, ಅಂದರೆ ಪ್ರಭವಕ್ಕಿಂತ 5 ವರ್ಷ ಮೊದಲು, 1922ರ ಯುಗಾದಿಯಿಂದ 1923ರ ಯುಗಾದಿವರೆಗೆ. ಅದೇ ಹೆಸರು 1862ರಲ್ಲೂ 1982ರಲ್ಲೂ ಬರುತ್ತದೆ. ಯಾವುದೆಂದು ಕಾಗದ, ಅಚ್ಚು, ಒಳಗಿನ ಸುದ್ದಿ ನೋಡಿದರೆ ಗೊತ್ತಾಗುತ್ತದೆ. ಶಕ ವರ್ಷ ಕೊಟ್ಟಿದ್ದರೆ ಇನ್ನೂ ಸುಲಭ: 1844ಕ್ಕೆ 78 ಕೂಡಿಸಿದರೆ 1922.

ಒಂದು ಎಚ್ಚರ. ಸಂವತ್ಸರ ಎರಡು ಇಂಗ್ಲಿಷ್ ವರ್ಷಗಳ ಮೇಲೆ ಹರಡಿರುತ್ತದೆ. ದುಂದುಭಿಯ ಕಾರ್ತಿಕ 1922ರಲ್ಲಿ ಬಿದ್ದರೆ, ಅದೇ ದುಂದುಭಿಯ ಮಾಘ 1923ರಲ್ಲಿ ಬೀಳುತ್ತದೆ. ಪತ್ರಿಕೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು, ನೀವು ಲೆಕ್ಕ ಹಾಕಿದ ವರ್ಷವನ್ನು ಚೌಕ ಕಂಸದಲ್ಲಿ ಕೊಡಿ: ‘ದುಂದುಭಿ, ಮಾಘ [1923]’. ಅಚ್ಚಾದದ್ದು ಯಾವುದು, ಕ್ಯಾಟಲಾಗ್ ಮಾಡಿದವರು ಸೇರಿಸಿದ್ದು ಯಾವುದು ಎಂದು ಓದುಗರಿಗೆ ತಿಳಿಯಬೇಕು ಅಲ್ವಾ?

ಇರುವುದು ಮತ್ತು ಇಲ್ಲದಿರುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಮೇಲಿನ ನಮೂದು ಪತ್ರಿಕೆಯ ಬಗ್ಗೆ. ಅದು ಯಾವ ಊರಿನ ಗ್ರಂಥಾಲಯದಲ್ಲೂ ಒಂದೇ. ಇನ್ನು ಬರೆಯಬೇಕಾದದ್ದು ನಿಮ್ಮ ಕಪಾಟಿನ ಬಗ್ಗೆ. ಇವೆರಡನ್ನೂ ಬೆರೆಸಬೇಡಿ. ಪತ್ರಿಕೆ 1922ರಲ್ಲಿ ಶುರುವಾಗಿದ್ದು, ನಿಮ್ಮಲ್ಲಿರುವುದು 1925ರಿಂದ ಎಂದಾದರೆ ಎರಡೂ ವರ್ಷ ಬೇರೆ ಬೇರೆ ಜಾಗದಲ್ಲಿ ಬರಬೇಕು.

ಮಾದರಿ ಹೀಗಿರಲಿ:

ನಮ್ಮಲ್ಲಿ ಇರುವುದು: ಸಂಪುಟ 1–4 (1951–1954), 6–9 (1956–1959)
ಇಲ್ಲದಿರುವುದು: ಸಂಪುಟ 5, ಸಂಪುಟ 8ರ ಸಂಚಿಕೆ 3 ಮತ್ತು 11
ಸ್ಥಿತಿ: ಸಂಪುಟ 2, ಸಂಚಿಕೆ 7ರಲ್ಲಿ ಪುಟ 33–40 ಇಲ್ಲ

ಸಣ್ಣ ಗೆರೆ ಹಾಕಿದರೆ ನಡುವಿನ ಸಂಪುಟಗಳೆಲ್ಲ ಇವೆ ಎಂದರ್ಥ. ಅಲ್ಪವಿರಾಮ ಹಾಕಿದರೆ ಅಲ್ಲೊಂದು ಖಾಲಿ ಜಾಗ ಇದೆ ಎಂದರ್ಥ. ‘1951–1959, ಅಪೂರ್ಣ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಾಣೆಬೆನ್ನೂರಿನಿಂದ ಬಸ್ಸು ಹತ್ತಿ ಬಂದ ವಿದ್ಯಾರ್ಥಿಗೆ ಬೇಕಾದದ್ದು 1955ರ ಸಂಚಿಕೆ ಆಗಿದ್ದರೆ, ಆ ‘ಅಪೂರ್ಣ’ ಅವರ ಒಂದು ದಿನವನ್ನು ಸುಮ್ನೆ ಹಾಳು ಮಾಡುತ್ತದೆ.

‘ಇಲ್ಲ’ ಎಂದು ಬರೆಯುವ ಮುಂಚೆ ಇನ್ನೊಂದು ವಿಚಾರ ಮಾಡಿ. ಅದು ನಿಮ್ಮಲ್ಲಿ ಇಲ್ಲವೋ, ಅಚ್ಚೇ ಆಗಿಲ್ಲವೋ? ಸಂಚಿಕೆ 6 ಮತ್ತು 7 ಜೋಡಿಯಾಗಿ ಬಂದಿರಬಹುದು. ಮುದ್ರಣಾಲಯದವರು ಒಂದೇ ಸಂಖ್ಯೆಯನ್ನು ಎರಡು ತಿಂಗಳು ಹಾಕಿರಬಹುದು. ಪುಟಸಂಖ್ಯೆ ನೋಡಿ. ವರ್ಷವಿಡೀ ಪುಟಸಂಖ್ಯೆ ಮುಂದುವರಿಯುವ ಪತ್ರಿಕೆಯಲ್ಲಿ ಮೇ ಸಂಚಿಕೆ 240ಕ್ಕೆ ಮುಗಿದು ಜುಲೈ 241ಕ್ಕೆ ಶುರುವಾದರೆ ಜೂನ್ ಸಂಚಿಕೆ ಅಚ್ಚಾಗಿಲ್ಲ ಎನ್ನಬಹುದು. ಬ್ರಿಟಿಷರ ಕಾಲದಲ್ಲಿ ಇನ್ನೊಂದು ಕಾರಣವೂ ಇತ್ತು. 1910ರ ಮತ್ತು 1931ರ ಪತ್ರಿಕಾ ಕಾಯ್ದೆಗಳು ಮುದ್ರಕರಿಂದ ಠೇವಣಿ ಕೇಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದವು. ಠೇವಣಿ ಕಟ್ಟಲಾಗದೆ ಪತ್ರಿಕೆ ನಿಂತರೆ ಆ ತಿಂಗಳುಗಳ ಸಂಚಿಕೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಗೊತ್ತಾದರೆ ‘ಈ ಅವಧಿಯಲ್ಲಿ ಪ್ರಕಟವಾಗಿಲ್ಲ’ ಎಂದು ಬರೆಯಿರಿ. ಆ ಒಂದು ಸಾಲು ಇತಿಹಾಸ ಬರೆಯುವವರಿಗೆ ಮಾಹಿತಿ.

ವಿಶೇಷಾಂಕಗಳನ್ನು ಮರೆಯಬೇಡಿ. ಯುಗಾದಿ, ದೀಪಾವಳಿ ಅಂಕಗಳಿಗೆ ಕೆಲವು ಸಲ ಸಂಚಿಕೆ ಸಂಖ್ಯೆಯೇ ಇರುವುದಿಲ್ಲ. ಅವನ್ನು ವರ್ಷದ ಜೊತೆ ಬೇರೆ ಸಾಲಿನಲ್ಲಿ ಬರೆಯಿರಿ.

ಹೆಸರು ಬದಲಾದರೆ

ಸಂಪಾದಕರು ಬದಲಾದರು, ವಾರಪತ್ರಿಕೆ ಪಾಕ್ಷಿಕವಾಯಿತು, ಊರು ಬದಲಾಯಿತು: ಇವಕ್ಕೆಲ್ಲ ಟಿಪ್ಪಣಿ ಸಾಕು. ‘ಸಂಯುಕ್ತ ಕರ್ನಾಟಕ’ ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಬಂತು. ಊರು ಬದಲಾಯಿತು ಎಂದು ಎರಡು ನಮೂದು ಬೇಡ.

ಹೆಸರೇ ಬದಲಾದರೆ ಮಾತ್ರ ಹೊಸ ನಮೂದು ಬೇಕು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾದಾಗ ಮೈಸೂರು ಗೆಜೆಟ್ ಹೋಗಿ ಕರ್ನಾಟಕ ಗೆಜೆಟ್ ಆಯಿತು. ಹಳೆಯದರಲ್ಲಿ ‘ಮುಂದಿನ ಹೆಸರು ಇದು’ ಎಂದೂ ಹೊಸದರಲ್ಲಿ ‘ಹಿಂದಿನ ಹೆಸರು ಅದು’ ಎಂದೂ ಬರೆಯಿರಿ. ಒಂದು ಕಡೆ ಮಾತ್ರ ಬರೆದು ಬಿಟ್ಟರೆ ಅರ್ಧ ಓದುಗರಿಗೆ ದಾರಿ ತಪ್ಪುತ್ತದೆ.

ಬಹುಸಂಪುಟ ಕೃತಿಗಳು

ಇಲ್ಲಿ ತೀರ್ಮಾನ ಮಾಡಬೇಕಾದದ್ದು ಒಂದೇ: ಎಲ್ಲ ಸಂಪುಟಕ್ಕೂ ಸೇರಿ ಒಂದು ನಮೂದೋ, ಒಂದೊಂದಕ್ಕೂ ಬೇರೆ ಬೇರೆಯೋ? ನಿಘಂಟಿನಂಥ ಕೃತಿಗೆ ಒಂದೇ ಸಾಕು, ಮೂರನೆಯ ಸಂಪುಟವನ್ನು ಯಾರೂ ಹೆಸರು ಹಿಡಿದು ಕೇಳುವುದಿಲ್ಲ. ‘ಸಮಗ್ರ ವಚನ ಸಂಪುಟ’ ಹಾಗಲ್ಲ. ಅದರಲ್ಲಿ 15 ಸಂಪುಟಗಳಿವೆ. ಮೊದಲನೆಯದು ಎಂ.ಎಂ. ಕಲಬುರ್ಗಿ ಸಂಪಾದಿಸಿದ ಬಸವಣ್ಣನವರ ವಚನಗಳು, ಎರಡನೆಯದು ಅಲ್ಲಮಪ್ರಭುವಿನದು. ಓದುಗರು ‘ಅಲ್ಲಮನ ವಚನ ಕೊಡಿ’ ಅನ್ನುತ್ತಾರೆಯೇ ಹೊರತು ‘ಎರಡನೆಯ ಸಂಪುಟ’ ಅನ್ನುವುದಿಲ್ಲ. ಆದ್ದರಿಂದ ಒಂದು ಮುಖ್ಯ ನಮೂದು ಮಾಡಿ, ಪ್ರತಿ ಸಂಪುಟದ ಹೆಸರು ಮತ್ತು ಸಂಪಾದಕರನ್ನು ಹುಡುಕಲು ಸಿಗುವಂತೆ ಸೇರಿಸಿ. ಇದು ಬೇರೆ ಬೇರೆ ಆವೃತ್ತಿಗಳಲ್ಲಿ ಬಂದಿದೆ, ನಿಮ್ಮ ಪ್ರತಿ ಯಾವ ಆವೃತ್ತಿಯದು ಎಂದೂ ನೋಡಿ.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಉದಾಹರಣೆ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್. ಅದರ 22ನೆಯ ಸಂಪುಟ, 1884ರದು, ಧಾರವಾಡ ಜಿಲ್ಲೆಯ ಬಗ್ಗೆ. ಇಲ್ಲಿನ ಗ್ರಂಥಾಲಯದಲ್ಲಿ ಅದೊಂದೇ ಸಂಪುಟ ಇದ್ದರೆ ಅದಕ್ಕೆ ಸ್ವಂತ ನಮೂದು ಕೊಡುವುದೇ ಸರಿ ಎಂದು ನನ್ನ ಅಭಿಪ್ರಾಯ. ವಿಷಯದ ಜಾಗದಲ್ಲಿ ಧಾರವಾಡದ ಜೊತೆ ಗದಗ, ಹಾವೇರಿ ಎಂದೂ ಹಾಕಿ. ಅವು ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಹಾವೇರಿಯ ಹುಡುಗಿಯೊಬ್ಬಳು ತನ್ನ ಊರಿನ ಹೆಸರು ಹಾಕಿ ಹುಡುಕಿದಾಗ ಆ ಸಂಪುಟ ಸಿಗಬೇಕು. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಆಗ ‘ಧಾರವಾರ್’ ಎಂದು ಬರೆಯುತ್ತಿದ್ದರು, ಆ ರೂಪವನ್ನೂ ಸೇರಿಸಿ.

ಎಲ್ಲ ಸಂಪುಟಕ್ಕೂ ಕಾಲ್ ನಂಬರ್ (ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ತೋರಿಸುವ ಸಂಖ್ಯೆ) ಒಂದೇ, ಕೊನೆಯಲ್ಲಿ ಸಂಪುಟದ ಸಂಖ್ಯೆ ಬೇರೆ. ಅಕ್ಸೆಷನ್ ನಂಬರ್ (ರಿಜಿಸ್ಟರಿನಲ್ಲಿ ಬೀಳುವ ಕ್ರಮಸಂಖ್ಯೆ) ಮಾತ್ರ ಪ್ರತಿ ಪುಸ್ತಕಕ್ಕೂ ಬೇರೆ. ಐಎಸ್‌ಬಿಎನ್ (ಪುಸ್ತಕಗಳಿಗೆ ಕೊಡುವ ಗುರುತಿನ ಸಂಖ್ಯೆ) ಇಡೀ ಕೃತಿಗೆ ಒಂದು, ಸಂಪುಟಕ್ಕೆ ಒಂದು ಹೀಗೆ ಎರಡೂ ಇರಬಹುದು, ಎರಡನ್ನೂ ಬರೆಯಿರಿ. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯಂಥ ಮಾಲೆಗಳ ಪುಸ್ತಕಗಳು ಮಾತ್ರ ಒಂದೊಂದೂ ಸ್ವತಂತ್ರ. ಅವನ್ನು ಲೇಖಕರ ಹೆಸರಿನಲ್ಲೇ ಬರೆದು, ಮಾಲೆಯ ಹೆಸರು ಸೇರಿಸಿದರೆ ಆಯಿತು.

ಕಂಪ್ಯೂಟರಿಗೆ ಹಾಕುವಾಗ

ಗ್ರಂಥಾಲಯದ ಕೆಲಸಕ್ಕೆಂದೇ ಇರುವ ಕೋಹಾ ತಂತ್ರಾಂಶ ಉಚಿತ. ಅಂಥದೇ ಇನ್ನೊಂದು ತಂತ್ರಾಂಶ ಇ-ಗ್ರಂಥಾಲಯ, ಕೇಂದ್ರ ಸರ್ಕಾರದ ಎನ್‌ಐಸಿಯದು. ಕೋಹಾ ಬಳಸುವ ಮಾರ್ಕ್ 21 ವಿಧಾನದಲ್ಲಿ ಕ್ಯಾಟಲಾಗಿನ ಒಂದೊಂದು ವಿವರಕ್ಕೂ ಒಂದೊಂದು ಸಂಖ್ಯೆಯ ಜಾಗ ಇದೆ: ಹೆಸರು 245ರಲ್ಲಿ, ಶುರು–ಕೊನೆಯ ವಿವರ 362ರಲ್ಲಿ, ಹಿಂದಿನ ಹೆಸರು 780ರಲ್ಲಿ, ಮುಂದಿನ ಹೆಸರು 785ರಲ್ಲಿ ಬರುತ್ತದೆ. ಸಂಖ್ಯೆಯ ಗೊಂದಲಗಳಿಗೆ 515 ಇದೆ. ಕನ್ನಡವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಹಾಕಿದರೆ ಕನ್ನಡದಲ್ಲಿ ಹುಡುಕಿದಾಗ ಏನೂ ಸಿಗುವುದಿಲ್ಲ. ಕಂಪ್ಯೂಟರ್ ಇಲ್ಲದಿದ್ದರೆ ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಪತ್ರಿಕೆಗೊಂದು ಪುಟ ಬಿಟ್ಟು ಬರೆಯಿರಿ, ಅದೂ ಕ್ಯಾಟಲಾಗೇ.

ಬೈಂಡಿಂಗ್ ಕೊನೆಗೆ

ಸಂಪುಟ ಪೂರ್ತಿ ಇದ್ದರೆ ಮಾತ್ರ ಬೈಂಡಿಂಗಿಗೆ ಕೊಡಿ. ಒಂದೆರಡು ಸಂಚಿಕೆ ಇಲ್ಲದಿದ್ದರೆ ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ, ಮೇಲೆ ಚೀಟಿ ಇಟ್ಟು ಕಾಯಿರಿ. ಮುಖಪುಟ ಕೀಳಬಾರದು, ಅಂಚು ಜಾಸ್ತಿ ಕತ್ತರಿಸಬಾರದು ಎಂದು ಬೈಂಡರಿಗೆ ಬರೆದೇ ಕೊಡಿ. ಬೆನ್ನಿನ ಮೇಲೆ ಹೆಸರು, ಸಂಪುಟ, ವರ್ಷ ಮೂರೂ ಇರಲಿ.

ವಿಂಗಡಿಸುವಾಗ ಎರಡೆರಡು ಪ್ರತಿ ಸಿಕ್ಕೇ ಸಿಗುತ್ತವೆ. ಅವನ್ನು ರದ್ದಿಗೆ ಹಾಕಬೇಡಿ. ಹೆಚ್ಚುವರಿ ಪ್ರತಿಗಳದೊಂದು ಪಟ್ಟಿ, ನಿಮ್ಮಲ್ಲಿ ಇಲ್ಲದ ಸಂಚಿಕೆಗಳದೊಂದು ಪಟ್ಟಿ ಮಾಡಿ, ಎರಡನ್ನೂ ಅಕ್ಕಪಕ್ಕದ ಊರಿನ ಗ್ರಂಥಾಲಯಗಳಿಗೆ ಕಳಿಸಿ.