ಟರ್ಬೊ ಕಾರಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸುವವರಿಗೆ

ಹೊಗೆಯಲ್ಲಿನ ಆಕ್ಸಿಜನ್ ಅಳೆದು ಗಾಳಿ-ಇಂಧನದ ಪ್ರಮಾಣ ತಿಳಿಸುವ ವೈಡ್‌ಬ್ಯಾಂಡ್ ಸೆನ್ಸರನ್ನು, ಎಂಜಿನ್‌ನಿಂದ ಹೊಗೆ ಹೊರಬರುವ ದಾರಿಯಲ್ಲಿ ಟರ್ಬೊಗಿಂತ ಮೊದಲು ಕೂರಿಸಬಾರದು. ಅಲ್ಲಿನ ಒತ್ತಡದಿಂದ ರೀಡಿಂಗ್ ತಪ್ಪುವುದಲ್ಲದೆ ವಿಪರೀತ ಶಾಖಕ್ಕೆ ಸೆನ್ಸರ್ ಬೇಗ ಹಾಳಾಗುತ್ತದೆ. ಜಾಗವಿದ್ದರೆ ಟರ್ಬೊ ದಾಟಿ ಸುಮಾರು 90 ಸೆಂಟಿಮೀಟರ್ ದೂರದಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧಗೊಳಿಸುವ ಡಬ್ಬಕ್ಕೆ) ಮೊದಲೇ, ಡೌನ್‌ಪೈಪ್‌ನ (ಟರ್ಬೊದಿಂದ ಹೊಗೆ ಒಯ್ಯುವ ಪೈಪಿನ) ಮೇಲ್ಭಾಗದಲ್ಲಿ 18 ಮಿ.ಮೀ. ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಮರೆಯಿರುವ ಬಳೆ) ವೆಲ್ಡ್ ಮಾಡಿಸಿ, ಸೆನ್ಸರ್‌ನ ತುದಿ ಅಡ್ಡಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿಯಷ್ಟು ಕೆಳಮುಖವಾಗಿ ಓರೆಯಾಗಿರುವಂತೆ ನೋಡಿಕೊಳ್ಳಬೇಕು. ಏಕೆಂದರೆ ಸೆನ್ಸರ್ ಒಳಗಿನ ಕಾದ ಸೆರಾಮಿಕ್‌ಗೆ ಒಂದು ಹನಿ ನೀರು ತಾಗಿದರೂ ಅದು ಬಿರುಕು ಬಿಡಬಹುದು. ಮಂಗಳೂರಿನ ಮಳೆಗಾಲದಲ್ಲಿ, ಮನೆಯಿಂದ ಹಂಪನಕಟ್ಟೆಯವರೆಗೆ ಮಾತ್ರ ಓಡುವ ಕಾರಿನ ಪೈಪಿನೊಳಗಿನ ನೀರು ಪೂರ್ತಿ ಆರುವುದೇ ಇಲ್ಲ. ಪೈಪಿನ ಅಡಿಭಾಗದಲ್ಲಿ ಕೂರಿಸಿದ್ದ ನನ್ನ ಮೊದಲ ಸೆನ್ಸರ್ ಹೋದದ್ದೂ ಹೀಗೆಯೇ. ಬಾಷ್ ಕಂಪನಿಯ ಎಲ್‌ಎಸ್‌ಯು 4.9 ಎಂಬ ವೈಡ್‌ಬ್ಯಾಂಡ್ ಸೆನ್ಸರ್ ಬಳಸುವವರು ವೈರು ಸಾಲದೆಂದು ಕನೆಕ್ಟರ್ ಕತ್ತರಿಸಬಾರದು, ಏಕೆಂದರೆ ಆ ಸೆನ್ಸರ್‌ಗೆಂದೇ ಹೊಂದಿಸಿದ ರೆಸಿಸ್ಟರ್ ಅದರೊಳಗಿರುತ್ತದೆ. ಸೆನ್ಸರ್ ಒಳಗಿನ ಹೀಟರ್‌ಗೆ ವಿದ್ಯುತ್ ಕೊಡದೆ ಎಂಜಿನ್ ಓಡಿಸಿದರೆ ಸೆನ್ಸರ್ ಮೇಲೆ ಮಸಿ ಕಟ್ಟುವುದರಿಂದ, ವೈರಿಂಗ್ ಮುಗಿಯುವವರೆಗೆ ಬಂಗ್‌ಗೆ ಪ್ಲಗ್ ಹಾಕಿಡಿ.